ಹುಬ್ಬಳ್ಳಿಯಿಂದ ಮೊಂಬಾಸಾಗೆ: ನಿಮ್ಮ ಬೈಕನ್ನು ಹಡಗು ಹತ್ತಿಸುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯವರಿಗೆ ಬೈಕ್ ಪಾರ್ಸಲ್ ಮಾಡುವುದು ಹೊಸದೇನಲ್ಲ. ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು ಅಂದರೆ ಅಪ್ಪ ಗಾಡಿ ತಳ್ಳಿಕೊಂಡು ರೈಲ್ವೆ ಪಾರ್ಸಲ್ ಆಫೀಸಿಗೆ ಹೋಗುತ್ತಾರೆ. ಪೆಟ್ರೋಲ್ ಖಾಲಿ ಮಾಡಿಸಿ, ಗೋಣಿ ಸುತ್ತಿ ಹೊಲಿಸಿ, ಮೇಲೆ ಹೆಸರು ಬರೆಸಿ, ರಸೀದಿ ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾರೆ. ಸಮುದ್ರ ದಾಟಿಸುವುದೂ ಹೆಚ್ಚುಕಡಿಮೆ ಇದೇ ಕೆಲಸ. ಗೋಣಿಯ ಜಾಗದಲ್ಲಿ ಕಬ್ಬಿಣದ ಚೌಕಟ್ಟು, ರಸೀದಿಯ ಜಾಗದಲ್ಲಿ ಒಂದು ಫೈಲಿನಷ್ಟು ಕಾಗದ.

ನಾನು ನನ್ನ ಹಿಮಾಲಯನ್ 411 ಬೈಕನ್ನು ಕೀನ್ಯಾದ ಮೊಂಬಾಸಾಗೆ ಕಳಿಸಿ, ಅಲ್ಲಿಂದ ಪೂರ್ವ ಆಫ್ರಿಕಾ ಸುತ್ತಿ, ವಾಪಸ್ ತಂದೆ. ಹೋಗುವ ಮೊದಲು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹಡಗಿನ ಬಾಡಿಗೆ ಎಷ್ಟು? ಅದು ಅಷ್ಟು ಮುಖ್ಯವಾದ ಪ್ರಶ್ನೆಯೇ ಅಲ್ಲ. ದುಡ್ಡು ಹೋಗುವುದು ಬೇರೆ ಎರಡು ಕಡೆ. ಒಂದು, ನೀವು ಇಲ್ಲೇ ಮಾಡಿಸುವ ಪೆಟ್ಟಿಗೆಯ ಅಳತೆಯಲ್ಲಿ. ಇನ್ನೊಂದು, ಗಾಡಿ ಇಳಿಯುವ ಬಂದರಿನಲ್ಲಿ. ಈ ಎರಡನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕಳಿಸಲೇಬೇಕಾ?

ಹದಿನೈದು ದಿನದ ಪ್ರವಾಸವಾದರೆ ಬೇಡವೇ ಬೇಡ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಎರಡು ತಿಂಗಳಿಗಿಂತ ಕಡಿಮೆ ಅವಧಿಗೆ ಸ್ವಂತ ಗಾಡಿ ಕಳಿಸುವುದು ಬರೀ ಆಸೆಯ ವಿಷಯ, ಲಾಭದ್ದಲ್ಲ. ಆಸೆಯೂ ತಪ್ಪಲ್ಲ ಬಿಡಿ.

ನೇಪಾಳ, ಭೂತಾನಕ್ಕೆ ಓಡಿಸಿಕೊಂಡೇ ಹೋಗಬಹುದು. ಅದರಾಚೆ ಕಷ್ಟ. ಪಶ್ಚಿಮಕ್ಕೆ ಪಾಕಿಸ್ತಾನದ ದಾರಿ ನಮಗೆ ಮುಚ್ಚಿದೆ. ಪೂರ್ವಕ್ಕೆ ಮ್ಯಾನ್ಮಾರ್ ದಾಟುವುದು 2021ರ ನಂತರ ನೆಚ್ಚುವಂಥದ್ದಲ್ಲ. ಚೀನಾಕ್ಕೆ ಸ್ವಂತ ಗಾಡಿ ಒಯ್ದರೆ ಅಲ್ಲಿನ ಗೈಡ್ ಜೊತೆಗೇ ಇರಬೇಕು. ನಕ್ಷೆಯಲ್ಲಿ ನೆಲದ ಗಡಿ ಬೇಕಾದಷ್ಟಿದೆ, ಬೈಕಿನ ಮಟ್ಟಿಗೆ ಮಾತ್ರ ನಾವು ದ್ವೀಪದಲ್ಲಿದ್ದ ಹಾಗೆ.

ಕಾರ್ನೆಟ್ ಅಂದರೇನು, ಯಾರಿಗೆ ಬೇಕು

ಪೂರ್ತಿ ಹೆಸರು ಕಾರ್ನೆಟ್ ಡಿ ಪಸಾಜ್ ಆನ್ ದುವಾನ್. ಎಲ್ಲರೂ ಕರೆಯುವುದು ಕಾರ್ನೆಟ್ ಅಂತ. "ಈ ಗಾಡಿಯನ್ನು ಇಲ್ಲಿ ಮಾರಲ್ಲ, ವಾಪಸ್ ಒಯ್ಯುತ್ತೇನೆ, ಒಯ್ಯದಿದ್ದರೆ ಸುಂಕಕ್ಕೆ ಜಾಮೀನು ಇದೆ" ಅಂತ ಆ ದೇಶದ ಕಸ್ಟಮ್ಸ್‌ಗೆ ಹೇಳುವ ಪುಸ್ತಕ ಅದು. ಒಂದು ವರ್ಷ ನಡೆಯುತ್ತದೆ. ಹಾಳೆಗಳ ಲೆಕ್ಕದಲ್ಲಿ ಕೊಡುತ್ತಾರೆ, ದೇಶ ಜಾಸ್ತಿ ಇದ್ದರೆ ಜಾಸ್ತಿ ಹಾಳೆಯದು ತೆಗೆದುಕೊಳ್ಳಿ.

ಎಲ್ಲ ದೇಶಕ್ಕೂ ಬೇಕಿಲ್ಲ. ಯುರೋಪ್, ಟರ್ಕಿ, ದಕ್ಷಿಣ ಅಮೆರಿಕಾದ ಕಡೆ ಗಡಿಯಲ್ಲೇ ತಾತ್ಕಾಲಿಕ ಆಮದು ಚೀಟಿ ಮಾಡಿಕೊಡುತ್ತಾರೆ, ಇಲ್ಲವೆ ಅದೂ ಇಲ್ಲದೆ ಬಿಡುತ್ತಾರೆ. ಇರಾನ್, ಈಜಿಪ್ಟ್, ಆಸ್ಟ್ರೇಲಿಯಾ, ಪೂರ್ವ ಆಫ್ರಿಕಾಕ್ಕೆ ಹೊರಟವರು ಕಾರ್ನೆಟ್ ಇಟ್ಟುಕೊಂಡೇ ಹೋಗುವುದು ವಾಡಿಕೆ. ಹಾಗಾಗಿ ಮೊದಲು ದಾರಿ ಗೊತ್ತುಮಾಡಿ, ಆಮೇಲೆ ಕಾಗದ. ನಾನು ಮೊದಲು ಈಜಿಪ್ಟ್‌ವರೆಗೂ ಹೋಗುವ ಕನಸು ಕಟ್ಟಿದ್ದೆ. ಜಾಮೀನಿನ ಮೊತ್ತ ಗಾಡಿಯ ಬೆಲೆ ಮತ್ತು ನೀವು ಹೋಗುವ ದೇಶಗಳ ಮೇಲೆ ನಿಲ್ಲುತ್ತದೆ, ಕೆಲವು ದೇಶಗಳು ಪಟ್ಟಿಗೆ ಸೇರಿದ ಕೂಡಲೇ ಮೊತ್ತ ಏರುತ್ತದೆ. ಈಜಿಪ್ಟ್ ಕೈಬಿಟ್ಟೆ.

ಕಾರ್ನೆಟ್ ಕೊಡುವುದು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್. ಜಾಮೀನಿಗೆ ಬ್ಯಾಂಕ್ ಗ್ಯಾರಂಟಿ ಇಲ್ಲವೆ ಠೇವಣಿ ಬೇಕು. ನಿಮ್ಮ ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇದ್ದರೆ ಅದರ ಮೇಲೆ ಗ್ಯಾರಂಟಿ ಮಾಡಿಸಬಹುದು. ಒಂದು ಮಾತು: ಸಣ್ಣ ಶಾಖೆಯಲ್ಲಿ ಈ ಕೆಲಸ ಅಪರೂಪ. ಮ್ಯಾನೇಜರ್ ನಮೂನೆ ಓದಿ, ಮೇಲಿನ ಆಫೀಸಿಗೆ ಕಳಿಸಿ, ಅಲ್ಲಿಂದ ಒಪ್ಪಿಗೆ ಬರುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ಅಸೋಸಿಯೇಷನ್ ಕೊಡುವ ನಮೂನೆಯ ಒಂದು ಪದವನ್ನೂ ಬದಲಿಸಬೇಡಿ ಅಂತ ಬ್ಯಾಂಕಿನವರಿಗೆ ಮೊದಲೇ ಹೇಳಿಡಿ.

ಮೂರು ತಿಂಗಳ ಮೊದಲು ಕೂಡಿಡುವ ಕಾಗದ

ಆರ್‌ಸಿ ನಿಮ್ಮ ಹೆಸರಲ್ಲೇ ಇರಬೇಕು. ಡಿಜಿಲಾಕರ್ ನಮ್ಮ ಟ್ರಾಫಿಕ್ ಪೊಲೀಸರಿಗೆ ಸಾಕು, ಗಡಿಯಾಚೆ ಯಾರೂ ಕೇಳಲ್ಲ. ಅಸಲಿ ಕಾರ್ಡ್ ಒಯ್ಯಿರಿ. ಸಾಲದ ಮೇಲೆ ತೆಗೆದ ಗಾಡಿಯಾದರೆ ಸಾಲ ಕೊಟ್ಟವರ ಎನ್‌ಒಸಿ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ, ಅದನ್ನು ತೆಗೆಸಿ. ಹುಬ್ಬಳ್ಳಿಯ ಕೆಎ-63 ಇರಲಿ, ಧಾರವಾಡದ ಕೆಎ-25, ಗದಗಿನ ಕೆಎ-26, ಹಾವೇರಿಯ ಕೆಎ-27 ಇರಲಿ, ನಿಮ್ಮ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ವಿವರದ ಪ್ರತಿ, ಒಂದು ತೆಗೆಸಿಡಿ. ಚಾಸಿ ನಂಬರ್, ಎಂಜಿನ್ ನಂಬರ್, ಬಣ್ಣ ಎಲ್ಲ ಅದರಲ್ಲಿ ಒಂದೇ ಕಡೆ ಸಿಗುತ್ತದೆ.

ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್‌ಗೆ ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. ಹೊರಡುವ ತಿಂಗಳಲ್ಲಿ ಮಾಡಿಸಿದರೆ ವರ್ಷ ಪೂರ್ತಿ ಕೈಗೆ ಸಿಗುತ್ತದೆ. ಗಾಡಿಯ ಹಿಂದೆ ಐಎನ್‌ಡಿ ಅಂತ ಬರೆದ ಮೊಟ್ಟೆಯಾಕಾರದ ಸ್ಟಿಕರ್ ಅಂಟಿಸಿ.

ಇನ್ಶೂರೆನ್ಸ್ ವಿಷಯದಲ್ಲಿ ಜನ ಎಡವುತ್ತಾರೆ. ನಮ್ಮ ಪಾಲಿಸಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನದವರೆಗೆ ಹಿಗ್ಗಿಸಬಹುದು, ಅಷ್ಟೇ. ಅದರಾಚೆ ಆಯಾ ಕಡೆಯ ಥರ್ಡ್ ಪಾರ್ಟಿ ವಿಮೆ ಬೇಕು: ಯುರೋಪಿನಲ್ಲಿ ಗ್ರೀನ್ ಕಾರ್ಡ್, ಪೂರ್ವ ಆಫ್ರಿಕಾದಲ್ಲಿ ಕೊಮೆಸಾ ಯೆಲ್ಲೋ ಕಾರ್ಡ್. ಯೆಲ್ಲೋ ಅಂದಾಗ ಇನ್ನೊಂದು ನೆನಪಾಯಿತು. ಕೀನ್ಯಾ ಕಡೆಯಿಂದ ಭಾರತಕ್ಕೆ ಮರಳುವಾಗ ಯೆಲ್ಲೋ ಫೀವರ್ ಲಸಿಕೆಯ ಪುಸ್ತಕ ತೋರಿಸಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿದ ಹತ್ತು ದಿನದ ನಂತರವೇ ಅದು ಲೆಕ್ಕಕ್ಕೆ ಬರುತ್ತದೆ. ಇನ್ನು ಕೀನ್ಯಾಗೆ 2024ರ ಜನವರಿಯಿಂದ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಪ್ರವೇಶ ಅನುಮತಿ, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು.

ಏಜೆಂಟ್ ಹುಡುಕುವಾಗ

ನಮಗೆ ಹತ್ತಿರದ ದೊಡ್ಡ ಬಂದರು ಗೋವಾದ ಮುರ್ಮುಗಾಂವ್. ಆದರೆ ಅದು ಮುಖ್ಯವಾಗಿ ಅದಿರು, ಕಲ್ಲಿದ್ದಲಿನ ಬಂದರು. ಒಂದೇ ಒಂದು ಬೈಕಿಗೆ ಪೂರ್ತಿ ಕಂಟೇನರ್ ಯಾರು ತೆಗೆದುಕೊಳ್ಳುತ್ತಾರೆ? ಹಲವರ ಸರಕು ಸೇರಿಸಿ ಕಂಟೇನರ್ ತುಂಬುವ ಪದ್ಧತಿಗೆ ಎಲ್‌ಸಿಎಲ್ ಅನ್ನುತ್ತಾರೆ. ಆಫ್ರಿಕಾ, ಯುರೋಪ್ ಕಡೆಗೆ ಆ ಸೌಲಭ್ಯ ಸುಲಭವಾಗಿ ಸಿಗುವುದು ಮುಂಬೈ ಪಕ್ಕದ ನ್ಹಾವಾ ಶೇವಾದಲ್ಲಿ. ಗೆಳೆಯರು ಮೂರ್ನಾಲ್ಕು ಜನ ಇದ್ದರೆ ಮಾತ್ರ ಇಪ್ಪತ್ತು ಅಡಿಯ ಕಂಟೇನರ್ ಪೂರ್ತಿ ತೆಗೆದುಕೊಳ್ಳಿ. ಆಗ ಪೆಟ್ಟಿಗೆಯೂ ಬೇಡ, ಒಳಗೆ ನಿಲ್ಲಿಸಿ ಬಿಗಿದರೆ ಸಾಕು.

ಗಾಡಿ ಹಡಗು ಹತ್ತಿಸಿಕೊಡುವ ಏಜೆಂಟ್ ಹತ್ತಿರ ಲೈಸೆನ್ಸ್ ಇರುವ ಕಸ್ಟಮ್ಸ್ ಬ್ರೋಕರ್ ಇರಬೇಕು. ಹಳಬರು ಈಗಲೂ ಸಿಎಚ್ಎ ಅಂತಲೇ ಕರೆಯುತ್ತಾರೆ. ಮೊದಲ ಪ್ರಶ್ನೆ: ಕಾರ್ನೆಟ್ ಮೇಲೆ ಗಾಡಿ ಕಳಿಸಿದ್ದೀರಾ? "ಆಗುತ್ತೆ ಸರ್, ನೋಡೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಎರಡನೇ ಪ್ರಶ್ನೆಗೆ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ: ಇಳಿಯುವ ಬಂದರಿನಲ್ಲಿ ನಾನು ಕಟ್ಟಬೇಕಾದದ್ದು ಎಷ್ಟು? ಎಲ್‌ಸಿಎಲ್‌ನ ಗುಟ್ಟು ಇದರಲ್ಲಿದೆ. ಹಡಗಿನ ಬಾಡಿಗೆ ನೋಡಿ "ಅಯ್ಯೋ, ಇಷ್ಟು ಸೋವಿನಾ!" ಅಂತ ಖುಷಿಪಡುತ್ತೀರಿ. ಆ ಕಡೆ ಇಳಿದ ಮೇಲೆ ಟರ್ಮಿನಲ್ ಹ್ಯಾಂಡ್ಲಿಂಗ್, ಗೋದಾಮು, ಕಂಟೇನರ್ ಬಿಚ್ಚಿದ ಕೂಲಿ, ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ ಅಂತ ಉದ್ದನೆಯ ಬಿಲ್ ಬರುತ್ತದೆ. ಗಾಡಿ ಅವರ ಕೈಯಲ್ಲಿದೆ, ಚೌಕಾಸಿ ನಡೆಯಲ್ಲ. ನನಗೆ ಬಂದ ಕೊಟೇಷನ್‌ಗಳಲ್ಲಿ ಬಾಡಿಗೆ ಅತಿ ಕಡಿಮೆ ಇದ್ದದ್ದರಲ್ಲೇ ಆ ಕಡೆಯ ಖರ್ಚು ಅತಿ ಜಾಸ್ತಿ ಇತ್ತು. ಕೇಳಿದ್ದಕ್ಕೆ ಗೊತ್ತಾಯಿತು, ಕೇಳದಿದ್ದರೆ ಅವರಾಗೇ ಹೇಳುತ್ತಿರಲಿಲ್ಲ.

ಇಂಚ್ ಟೇಪ್ ಹಿಡಿಯಿರಿ

ಎಲ್‌ಸಿಎಲ್ ಬಾಡಿಗೆ ಘನ ಮೀಟರ್ ಲೆಕ್ಕ. ಒಂದು ಘನ ಮೀಟರ್ ಇಲ್ಲವೆ ಒಂದು ಟನ್, ಯಾವುದು ಜಾಸ್ತಿಯೋ ಅದು. ಬೈಕ್ ವಿಷಯದಲ್ಲಿ ಯಾವಾಗಲೂ ಗಾತ್ರವೇ ಗೆಲ್ಲುತ್ತದೆ.

ಹಿಮಾಲಯನ್ 411ರ ಉದ್ದ 2190 ಮಿಲಿಮೀಟರ್, ತೂಕ 199 ಕೆಜಿ. ಏನೂ ಬಿಚ್ಚದೆ ಪೆಟ್ಟಿಗೆ ಮಾಡಿಸಿದರೆ 230, 95, 145 ಸೆಂಟಿಮೀಟರ್ ಬೇಕು. ಗುಣಿಸಿದರೆ 3.17 ಘನ ಮೀಟರ್. ಗೋಕುಲ ರೋಡಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ನಾನು ಈ ಅಳತೆಯ ಚೀಟಿ ಕೊಟ್ಟೆ. ವೆಲ್ಡರ್ ಚೀಟಿ ನೋಡಿದ, ಗಾಡಿ ನೋಡಿದ, ಚೀಟಿ ವಾಪಸ್ ಕೊಟ್ಟ.

"ಸರ್ರ, ಇದರಾಗ ಅರ್ಧ ಬರೇ ಗಾಳಿನ ಐತಿ. ಗಾಳಿಗೆ ಯಾಕ ರೊಕ್ಕ ಕೊಡ್ತೀರಿ? ಮುಂದಿನ ಗಾಲಿ ಬಿಚ್ರಿ, ಹ್ಯಾಂಡಲ್ ಬಿಚ್ರಿ, ಆಮ್ಯಾಲೆ ಟೇಪ್ ಹಿಡಿಯೋಣಂತ."

ಬಿಚ್ಚಿದೆವು. ಮುಂದಿನ ಗಾಲಿ, ಮಡ್‌ಗಾರ್ಡ್, ಕನ್ನಡಿ, ಗಾಳಿ ತಡೆಯುವ ಗ್ಲಾಸ್, ಹ್ಯಾಂಡಲ್, ಬದಿಯ ಪೆಟ್ಟಿಗೆಗಳು. ಹೊಸ ಅಳತೆ 195, 75, 120. ಅಂದರೆ 1.76 ಘನ ಮೀಟರ್. ಸುಮಾರು ಅರ್ಧ! ಬಾಡಿಗೆಯೂ ಗಾತ್ರದ ಲೆಕ್ಕ, ಇಳಿಯುವ ಬಂದರಿನ ಹಲವು ಶುಲ್ಕಗಳೂ ಗಾತ್ರದ ಲೆಕ್ಕ. ಎರಡು ತಾಸಿನ ಸ್ಪ್ಯಾನರ್ ಕೆಲಸಕ್ಕೆ ಇಷ್ಟು ಕೂಲಿ ಇನ್ನೆಲ್ಲೂ ಸಿಗಲ್ಲ.

ವಿಮಾನದಲ್ಲಿ ಕಳಿಸುವವರಿಗೂ ಇದೇ ಟೇಪ್. ಸೆಂಟಿಮೀಟರ್‌ನಲ್ಲಿ ಮೂರೂ ಅಳತೆ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ ಬರುತ್ತದೆ. ದೊಡ್ಡ ಪೆಟ್ಟಿಗೆಗೆ 528 ಕೆಜಿ, ಸಣ್ಣದಕ್ಕೆ 293 ಕೆಜಿ. ವಿಮಾನ ದುಬಾರಿ ನಿಜ. ಆದರೆ ಆ ಕಡೆ ಬಂದರಿನ ಬಿಲ್ ಇರಲ್ಲ, ಕೆಲವೇ ದಿನದಲ್ಲಿ ಗಾಡಿ ಕೈಗೆ ಬರುತ್ತದೆ. ರಜೆ ಕಡಿಮೆ ಇರುವವರು ಎರಡರ ಒಟ್ಟು ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಮಾನಕ್ಕೆ ಬೈಕ್ ಅಪಾಯಕಾರಿ ಸರಕು, ಯುಎನ್ 3166 ಅನ್ನುವ ಸಂಖ್ಯೆಯಡಿ ಬರುತ್ತದೆ. ಅದಕ್ಕೆ ತರಬೇತಿ ಪಡೆದವರೇ ಪ್ಯಾಕ್ ಮಾಡಿ ಘೋಷಣಾ ಪತ್ರ ಕೊಡಬೇಕು.

ಇನ್ನು ಮರವೋ ಕಬ್ಬಿಣವೋ? ಸಾ ಮಿಲ್‌ನಲ್ಲಿ ಸುಮ್ನೆ ಹಲಗೆ ಕೊಯ್ಸಿ ಪೆಟ್ಟಿಗೆ ಮಾಡಿಸಬೇಡಿ. ದೇಶ ದಾಟುವ ಹಸಿ ಮರಕ್ಕೆ ಐಎಸ್‌ಪಿಎಂ-15 ಅನ್ನುವ ನಿಯಮವಿದೆ. ಮರದ ತಿರುಳಿನವರೆಗೆ 56 ಡಿಗ್ರಿ ಶಾಖ 30 ನಿಮಿಷ ತಾಗಿರಬೇಕು, ಮೇಲೆ ಎಚ್‌ಟಿ ಮುದ್ರೆ ಇರಬೇಕು. ಮರದೊಳಗಿನ ಹುಳ ಊರಿಂದೂರಿಗೆ ಹೋಗಬಾರದು ಅಂತ. ಮುದ್ರೆ ಇಲ್ಲದಿದ್ದರೆ ಆ ಕಡೆ ಸುಟ್ಟುಹಾಕಬಹುದು, ಖರ್ಚು ನಿಮ್ಮದೇ. ಪ್ಲೈವುಡ್‌ಗೆ, ಕಬ್ಬಿಣಕ್ಕೆ ಈ ನಿಯಮ ಇಲ್ಲ. ನಾವು ಆ್ಯಂಗಲ್ ಪಟ್ಟಿಗಳನ್ನು ನಟ್-ಬೋಲ್ಟ್‌ನಲ್ಲಿ ಜೋಡಿಸುವ ಚೌಕಟ್ಟು ಮಾಡಿ ಬದಿಗೆ ಪ್ಲೈವುಡ್ ಹೊಡೆದೆವು. ವೆಲ್ಡಿಂಗ್ ತಳಕ್ಕೆ ಮಾತ್ರ. ಬಿಚ್ಚಿದರೆ ಇಡೀ ಚೌಕಟ್ಟು ಒಂದು ಕಟ್ಟಿಗೆ ಹೊರೆಯಷ್ಟಾಗುತ್ತದೆ, ಹುಬ್ಬಳ್ಳಿಯಿಂದ ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಮುಂದೆ ಕಳಿಸಬಹುದು. ಬೋಲ್ಟ್ ಯಾಕೆ ಅಂದರೆ ಕಸ್ಟಮ್ಸ್‌ನವರು ಚಾಸಿ ನಂಬರ್ ನೋಡಬೇಕು. ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆ ಅವರ ಮುಂದೆ ಒಡೆಯಬೇಕಾಗುತ್ತದೆ.

ತೊಳೆಯುವುದು, ಬಿಗಿಯುವುದು

ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತು. ನವಲಗುಂದ, ಗದಗ ಕಡೆ ಮಳೆಗಾಲದಲ್ಲಿ ಒಂದು ಸಲ ಹೊಲದ ದಾರಿಗೆ ಇಳಿದರೆ ಅದು ಒಣಗಿ ಮಡ್‌ಗಾರ್ಡ್ ಒಳಗೆ ಸಿಮೆಂಟ್ ಥರ ಕೂರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಬೆರಳಲ್ಲಿ ಕೆರೆದು ನೋಡುವ ಜನ. ಮಣ್ಣು, ಬೀಜ, ಸತ್ತ ಹುಳ ಸಿಕ್ಕರೆ ಮತ್ತೆ ತೊಳೆಸುತ್ತಾರೆ, ಇಲ್ಲವೆ ವಾಪಸ್ ಕಳಿಸುತ್ತಾರೆ. ಬೇರೆ ದೇಶಕ್ಕಾದರೂ ಎಂಜಿನ್ ಗಾರ್ಡ್ ಬಿಚ್ಚಿ ತೊಳೆಸಿ. ರೇಡಿಯೇಟರ್ ಇರುವ ಗಾಡಿಯಾದರೆ ಅದರ ಸಂದುಗಳನ್ನು ಬ್ರಷ್ ಹಾಕಿ ತಿಕ್ಕಿ. ಬದಿಯ ಪೆಟ್ಟಿಗೆಯಲ್ಲಿ ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಚಟ್ನಿ ತುಂಬಿಸುವ ಆಸೆ ಬೇಡ. ತಿನ್ನುವ ಯಾವ ಸಾಮಾನೂ ಗಾಡಿ ಜೊತೆ ಇರಬಾರದು. ನಮ್ಮ ಅವ್ವ ಒಂದು ಡಬ್ಬಿ ಚಟ್ನಿ ಸೀಟಿನ ಕೆಳಗೆ ಸೇರಿಸಿದ್ದಳು. ಅದನ್ನು ಬೆಳಗಾವಿ ದಾಟುವಷ್ಟರಲ್ಲಿ ರೊಟ್ಟಿ ಜೊತೆ ತಿಂದು ಮುಗಿಸಿದೆ.

ಬಿಗಿಯುವ ಕೆಲಸದಲ್ಲಿ ಅವಸರ ಮಾಡಬೇಡಿ. ಮುಂದಿನ ಗಾಲಿ ತೆಗೆದ ಮೇಲೆ ಆ್ಯಕ್ಸಲನ್ನು ಫೋರ್ಕಿಗೆ ಮತ್ತೆ ತೂರಿಸಿ, ತಳಕ್ಕೆ ವೆಲ್ಡ್ ಮಾಡಿದ ಎರಡು ಕಿವಿಗಳ ಮೇಲೆ ಕೂರಿಸಿ. ಡಿಸ್ಕ್ ಇಲ್ಲದ ಬ್ರೇಕ್ ಪ್ಯಾಡ್‌ಗಳ ನಡುವೆ ಒಂದು ರಟ್ಟಿನ ತುಂಡು ತುರುಕಿ. ಯಾರೋ ದಾರಿಯಲ್ಲಿ ಬ್ರೇಕ್ ಹಿಡಿಕೆ ಒತ್ತಿದರೆ ಪ್ಯಾಡ್ ಅಂಟಿಕೊಂಡು ಕೂರುತ್ತದೆ, ಆಮೇಲೆ ಡಿಸ್ಕ್ ಒಳಗೆ ಹೋಗಲ್ಲ. ರ್ಯಾಚೆಟ್ ಪಟ್ಟಿ ಮುಂದೆ ಎರಡು, ಹಿಂದೆ ಎರಡು. ಮುಂದಿನವನ್ನು ಫೋರ್ಕ್ ಹಿಡಿದಿರುವ ಕೆಳಗಿನ ಕ್ಲಾಂಪಿಗೆ ಹಾಕಿ. ಸಸ್ಪೆನ್ಷನ್ ಪೂರ್ತಿ ಕೆಳಗೆ ಎಳೆಯಬೇಡಿ. ಮೂರು ವಾರ ಹಾಗೇ ಒತ್ತಿಹಿಡಿದರೆ ಫೋರ್ಕ್ ಆಯಿಲ್ ಸೀಲ್ ಸೋರಲು ಶುರುವಾಗಬಹುದು. ಅರ್ಧ ಸಾಕು.

ಪೆಟ್ರೋಲ್ ಪೂರ್ತಿ ಇಳಿಸಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ತುದಿಗಳಿಗೆ ಟೇಪ್ ಸುತ್ತಿ. ಚೈನಿಗೆ ಎಣ್ಣೆ ಬಿಡಿ, ಬೋಲ್ಟುಗಳಿಗೆ ತುಕ್ಕು ತಡೆಯುವ ಸ್ಪ್ರೇ ಹೊಡೆಯಿರಿ, ಉಪ್ಪು ಗಾಳಿ ಅಲ್ವಾ. ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದ ಹಾಗೆ ಮುಚ್ಚಬೇಡಿ, ಒಳಗೆ ಬೆವರುತ್ತದೆ. ಕೊನೆಗೆ ಗಾಡಿಯ ಎಲ್ಲ ಬದಿ, ಹಳೆಯ ಗೀರು, ಓಡೋಮೀಟರ್ ಫೋಟೋ ತೆಗೆಯಿರಿ. ಸರಕು ವಿಮೆಯವರು ಹಳೆಯ ಗಾಡಿಗೆ ಪೂರ್ತಿ ಕಳೆದುಹೋದರೆ ಮಾತ್ರ ಕೊಡುತ್ತೇವೆ ಅನ್ನುವುದುಂಟು. ಪಾಲಿಸಿಯಲ್ಲಿ ಎಲ್ಲ ಅಪಾಯಕ್ಕೂ ಇದೆಯಾ ಅಂತ ಓದಿ ಸಹಿ ಹಾಕಿ.

ನ್ಹಾವಾ ಶೇವಾದ ದಿನ

ಮುಂಬೈ ಊರೊಳಗೆ ಹೋಗುವುದೇ ಬೇಡ. ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ, ಅಲ್ಲಿಂದ ಲೋಣಾವಳ ಮೇಲೆ ಹಳೆಯ ಹೈವೇ ಹಿಡಿದು ಪನ್ವೇಲ್. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ಲ. ಗಾಡಿಯನ್ನು ಏಜೆಂಟ್ ಹೇಳಿದ ಕಂಟೇನರ್ ಗೋದಾಮಿಗೆ ತಂದು, ಕಸ್ಟಮ್ಸ್ ತಪಾಸಣೆ ಮುಗಿಸಿ, ಅಲ್ಲೇ ಚೌಕಟ್ಟಿಗೆ ಬಿಗಿಯುವುದು ಒಳ್ಳೆಯದು. ಕಾರ್ನೆಟ್ ಮೇಲೆ ನಮ್ಮ ಕಸ್ಟಮ್ಸ್ ಮುದ್ರೆ ಬಿತ್ತಾ ಅಂತ ನಿಮ್ಮ ಕಣ್ಣಾರೆ ನೋಡಿ. ಎರಡು ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಒಂದು ಕೀಲಿ ಏಜೆಂಟ್‌ಗೆ, ಇನ್ನೊಂದು ನಿಮ್ಮ ಜೇಬಿಗೆ.

ಇಲ್ಲೇ ನನಗೊಂದು ಪೆಟ್ಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಹಡಗಿನ ದಾಖಲೆ, ಅಂದರೆ ಬಿಲ್ ಆಫ್ ಲೇಡಿಂಗ್, ಅಂತಿಮ ಆಗುವ ಮೊದಲು ಕರಡು ಕಳಿಸುತ್ತಾರೆ. ಅದರಲ್ಲಿ ನನ್ನ ಚಾಸಿ ನಂಬರಿನ ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ಓ ಅಕ್ಷರ ಕೂತಿತ್ತು. ಕಣ್ಣಿಗೆ ಎರಡೂ ಒಂದೇ. ಕಾರ್ನೆಟ್‌ನಲ್ಲಿ ಒಂದು, ಹಡಗಿನ ಕಾಗದದಲ್ಲಿ ಇನ್ನೊಂದು ಇದ್ದರೆ ಆ ಕಡೆ ಬೇರೆ ಗಾಡಿ ಅಂತಲೇ ಲೆಕ್ಕ. ನೆನಪಿಡಿ: ಅಕ್ಷರ, ಅಂಕಿ ಸೇರಿ 17 ಇರುವ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಗೊಂದಲ ಆಗಬಾರದು ಅಂತಲೇ ಬಿಟ್ಟಿದ್ದಾರೆ. ಓ ಕಂಡರೆ ಅದು ಟೈಪ್ ಮಾಡಿದವರ ತಪ್ಪು. ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಅಂಥದ್ದೊಂದು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ. ವಾದ ಅಲ್ಲಿಗೇ ಮುಗಿಯುತ್ತದೆ.

ಕರಡಿನಲ್ಲಿ ನೋಡಬೇಕಾದ ಇನ್ನೊಂದು ಸಾಲು, ಕೊನೆಯ ತಾಣ. ಮೊಂಬಾಸಾದಲ್ಲಿ ಇಳಿದ ಎಷ್ಟೋ ಕಂಟೇನರ್‌ಗಳು ರೈಲಿನಲ್ಲಿ ನೈರೋಬಿಯ ಒಣ ಬಂದರಿಗೆ, ಅಂದರೆ ಒಳನಾಡಿನ ಕಂಟೇನರ್ ಡಿಪೋಗೆ, ಹೋಗುತ್ತವೆ. ನೀವು ಮೊಂಬಾಸಾದಲ್ಲಿ ಕಾಯುತ್ತಾ ಗಾಡಿ ನೈರೋಬಿಗೆ ಹೋದರೆ ಮತ್ತೊಂದು ಬಿಲ್.

ಆ ಕಡೆ ಇಳಿದ ಮೇಲೆ

ನಿಮ್ಮ ವಿಮಾನದ ಟಿಕೆಟ್ ಹಡಗು ಬಂದರು ಮುಟ್ಟಿದ ಸುದ್ದಿ ಬಂದ ಮೇಲೆ ತೆಗೆಯಿರಿ, ಇಲ್ಲವೆ ದಿನ ಬದಲಿಸಬಹುದಾದ ಟಿಕೆಟ್ ಕೊಳ್ಳಿ. ಮೊಂಬಾಸಾಗೆ ಎರಡು ಮೂರು ವಾರ ಹಿಡಿಯುತ್ತದೆ. ಯುರೋಪಿಗೆ ಹೊರಟವರು ಇನ್ನೂ ಜಾಸ್ತಿ ಸಮಯ ಇಟ್ಟುಕೊಳ್ಳಿ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹಲವು ಕಂಪನಿಗಳು ಆಫ್ರಿಕಾದ ತುದಿ ಸುತ್ತಿ ಹೋಗುವ ದಾರಿ ಹಿಡಿದವು. ಆದರೆ ತಡವಾಗಿಯೂ ಹೋಗಬೇಡಿ. ಗೋದಾಮಿನಲ್ಲಿ ಬಾಡಿಗೆ ಇಲ್ಲದ ದಿನಗಳು ಕೆಲವೇ, ಆಮೇಲೆ ದಿನಕ್ಕಿಷ್ಟು ಅಂತ ಏರುತ್ತದೆ. ಶುಕ್ರವಾರ ಇಳಿದರೆ ಎರಡು ದಿನ ಸುಮ್ನೆ ಹೋಯಿತು. ಸೋಮವಾರ ಬೆಳಗ್ಗೆ ಕೆಲಸ ಶುರುವಾಗುವ ಹಾಗೆ ಯೋಜನೆ ಮಾಡಿ.

ಕಾರ್ನೆಟ್‌ನ ಪ್ರತಿ ಹಾಳೆಯಲ್ಲಿ ಮೂರು ಭಾಗ. ದೇಶದೊಳಗೆ ಬರುವಾಗ ಕೆಳಗಿನ ಚೀಟಿ ಹರಿದುಕೊಳ್ಳುತ್ತಾರೆ, ಹೊರಡುವಾಗ ನಡುವಿನದು. ಮೇಲಿನ ಭಾಗ ನಿಮ್ಮ ಹತ್ತಿರವೇ ಉಳಿಯುತ್ತದೆ. ಅದರ ಮೇಲೆ ಬಂದ ಮುದ್ರೆ, ಹೋದ ಮುದ್ರೆ ಎರಡೂ ಇರಬೇಕು. ಹೋದ ಮುದ್ರೆ ಇಲ್ಲದಿದ್ದರೆ ಗಾಡಿ ಅಲ್ಲೇ ಮಾರಿದಿರಿ ಅಂತ ಅರ್ಥ, ಸುಂಕ ಕೇಳಿಕೊಂಡು ಬರುತ್ತಾರೆ.

ಪೂರ್ವ ಆಫ್ರಿಕಾದ ಹಲವು ಗಡಿಗಳಲ್ಲಿ ಎರಡೂ ದೇಶದ ಕೌಂಟರ್ ಒಂದೇ ಕಟ್ಟಡದಲ್ಲಿವೆ. ಅನುಕೂಲವೇ, ಆದರೆ ಯಾಮಾರುವುದೂ ಸುಲಭ. ನಾನು ಒಂದು ಗಡಿಯಲ್ಲಿ ಸೀದಾ ಹೊಸ ದೇಶದ ಸಾಲಿಗೆ ನಿಂತು, ಅವರ ಮುದ್ರೆ ಹಾಕಿಸಿಕೊಂಡು, ಖುಷಿಯಲ್ಲಿ ಗಾಡಿ ಹತ್ತಿ ನಲವತ್ತು ಕಿಲೋಮೀಟರ್ ಹೋಗಿಬಿಟ್ಟೆ. ಚಹಾಕ್ಕೆ ನಿಂತಾಗ ಪುಸ್ತಕ ತೆಗೆದು ನೋಡಿದರೆ ಹಿಂದಿನ ದೇಶದ ಹೊರಡುವ ಚೀಟಿ ಹಾಗೇ ಇದೆ! ಮತ್ತೆ ನಲವತ್ತು ಕಿಲೋಮೀಟರ್ ಹಿಂದಕ್ಕೆ. ಅಲ್ಲಿದ್ದ ಅಧಿಕಾರಿ ನಕ್ಕು ಮುದ್ರೆ ಒತ್ತಿದರು. ಅಂದಿನಿಂದ ಗಡಿ ಗೇಟ್ ದಾಟುವ ಮೊದಲು ಪುಸ್ತಕ ಬಿಚ್ಚಿ ಮುದ್ರೆ ಎಣಿಸುವುದು ರೂಢಿಯಾಯಿತು.

ವಾಪಸ್ ತರುವುದು

ಹೋದ ಬಂದರಿನಿಂದಲೇ ಮರಳುವುದಾದರೆ ಬಿಚ್ಚಿದ ಚೌಕಟ್ಟನ್ನು ಅಲ್ಲಿನ ಏಜೆಂಟ್ ಗೋದಾಮಿನಲ್ಲಿ ಇಟ್ಟುಹೋಗಿ, ಬಾಡಿಗೆ ಮೊದಲೇ ಮಾತಾಡಿ. ಬೇರೆ ಊರಿಂದ ಮರಳುವುದಾದರೆ ಅಲ್ಲಿ ಹೊಸದು ಮಾಡಿಸಬೇಕು. ಕಾರ್ನೆಟ್ ಅವಧಿ ಮುಗಿಯುವುದಕ್ಕೆ ಎರಡು ತಿಂಗಳ ಮೊದಲೇ ಹಡಗು ಹತ್ತಿಸಿ.

ನ್ಹಾವಾ ಶೇವಾದಲ್ಲಿ ಗಾಡಿ ಬಿಡಿಸುವಾಗ ಮರು ಆಮದಿನ ಮುದ್ರೆ ಬೀಳಬೇಕು. ಅದೇ ಗಾಡಿ ಹೌದಾ ಅಂತ ಚಾಸಿ ನಂಬರ್ ಮತ್ತೆ ನೋಡುತ್ತಾರೆ. ಮುದ್ರೆ ಬಿದ್ದ ಪುಸ್ತಕವನ್ನು ಅಸೋಸಿಯೇಷನ್‌ಗೆ ಒಪ್ಪಿಸಿ. ಅದಕ್ಕೂ ಮೊದಲು ಎಲ್ಲ ಹಾಳೆಯ ಜೆರಾಕ್ಸ್ ತೆಗೆದಿಡಿ. ಅವರು ಪರಿಶೀಲಿಸಿ ಗ್ಯಾರಂಟಿ ಬಿಡುಗಡೆ ಪತ್ರ ಕೊಟ್ಟ ಮೇಲೆ ಬ್ಯಾಂಕಿನವರು ಎಫ್‌ಡಿ ಮೇಲಿನ ತಡೆ ತೆಗೆಯುತ್ತಾರೆ.

ನನ್ನ ಚೌಕಟ್ಟು ಈಗ ನಮ್ಮ ಮನೆ ಮಾಳಿಗೆ ಮೇಲೆ ಗೋಡೆಗೆ ಒರಗಿದೆ. ಮೊನ್ನೆ ರಾಣೆಬೆನ್ನೂರಿನ ಗೆಳೆಯನೊಬ್ಬ ಬಂದು ಟೇಪ್ ಹಿಡಿದು ನೋಡಿಕೊಂಡು ಹೋದ. ಅವನದು ಹಿಮಾಲಯನ್ 450, ಉದ್ದಕ್ಕೆ ಇನ್ನೊಂದು ಸ್ವಲ್ಪ ಆ್ಯಂಗಲ್ ಬೇಕಾಗುತ್ತದೆ.